ಎರಡು ಶಕ, ಒಂದೇ ಕಾಲಂ: ಟೈಪ್-ಸೇಫ್ ಕ್ವೆರಿ ಕಲಿಸಿದ ಎರಡು ಶನಿವಾರ

ತರಗತಿ: ದ್ವಿತೀಯ ಪಿ.ಯು.ಸಿ., ಗಣಕ ವಿಜ್ಞಾನ
ಪಾಠಾಂಶ: ಓ.ಆರ್.ಎಂ. ಚೌಕಟ್ಟಿನಲ್ಲಿ ಟೈಪ್-ಸೇಫ್ ಕ್ವೆರಿ (ಪಠ್ಯಕ್ಕೆ ಪೂರಕ)
ಬೋಧನೋಪಕರಣ: ಒಂದು ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಎರಡು ಬಣ್ಣದ ರಟ್ಟಿನ ಚೀಟಿಗಳು

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಅರಸೀಕೆರೆಯ ಒಂದು ಪದವಿಪೂರ್ವ ಕಾಲೇಜು. ಬಿ.ಎಡ್.ಗೆ ಸೇರುವ ಮೊದಲು ಐದು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿದ್ದೆ. ಗೊತ್ತಿರುವುದನ್ನು ಕಲಿಸುವುದು ಸುಲಭ ಎಂಬ ಧೈರ್ಯವನ್ನೂ ಅಲ್ಲಿಂದಲೇ ತಂದಿದ್ದೆ. ಆ ಧೈರ್ಯ ಮೊದಲನೆಯ ಶನಿವಾರದ ನಲವತ್ತನೇ ನಿಮಿಷದವರೆಗೆ ಉಳಿಯಿತು. ಆಮೇಲೆ ಏನಾಯಿತು, ಮುಂದಿನ ವಾರ ಪಾಠವನ್ನು ಹೇಗೆ ಮತ್ತೆ ಕಟ್ಟಿದೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಷಯದ ಆಯ್ಕೆಗೆ ಕಾರಣವಿತ್ತು. ನನಗೆ ಸಿಕ್ಕ ಮಕ್ಕಳು ಸಿ ಪ್ಲಸ್ ಪ್ಲಸ್‌ನಲ್ಲಿ ಕ್ಲಾಸು, ಆಬ್ಜೆಕ್ಟು, ಇನ್‌ಹೆರಿಟೆನ್ಸು ಓದಿದ್ದರು. ಎಸ್.ಕ್ಯೂ.ಎಲ್. ಕೂಡ ಓದಿದ್ದರು. ಪುಸ್ತಕದಲ್ಲಿ ಇವೆರಡು ಬೇರೆ ಬೇರೆ ಅಧ್ಯಾಯ, ನಡುವೆ ದಾರಿಯಿಲ್ಲ. ಪ್ರೋಗ್ರಾಮಿನ ಒಳಗೆ ಆಬ್ಜೆಕ್ಟು, ಡೇಟಾಬೇಸಿನಲ್ಲಿ ಟೇಬಲ್ಲಿನ ಸಾಲು. ಒಂದು ಇನ್ನೊಂದಾಗುವುದು ಹೇಗೆ? ಈ ಕೆಲಸ ಮಾಡುವ ಚೌಕಟ್ಟಿಗೇ ಆಬ್ಜೆಕ್ಟ್-ರಿಲೇಷನಲ್ ಮ್ಯಾಪಿಂಗ್, ಅಂದರೆ ಓ.ಆರ್.ಎಂ. ಎಂದು ಹೆಸರು. ಜಾವಾದಲ್ಲಿ ಹೈಬರ್ನೇಟ್ ಇಂಥದ್ದೊಂದು. ಒಂದು ಕ್ಲಾಸನ್ನು ತೋರಿಸಿ ‘ಇದು ಈ ಟೇಬಲ್ಲಿನ ರೂಪ’ ಎಂದು ಹೇಳಿದರೆ, ಸಾಲುಗಳನ್ನು ಆಬ್ಜೆಕ್ಟುಗಳಾಗಿ ಕೈಗಿಡುತ್ತದೆ. ಎರಡು ಅಧ್ಯಾಯಗಳು ಸೇರುವ ಜಾಗ ಇದು ಎಂದು ಮಾರ್ಗದರ್ಶಕ ಉಪನ್ಯಾಸಕಿಯವರಿಗೆ ವಿವರಿಸಿದಾಗ ಅವರು ಎರಡು ಶನಿವಾರ ಕೊಟ್ಟರು. ‘ಪರೀಕ್ಷೆಗೆ ಬರಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ, ಆಮೇಲೆ ಯಾರು ಕೂತಿರ್ತಾರೋ ಅವರಿಗೆ ಪಾಠ ಮಾಡಿ’ ಎಂದರು. ಇಪ್ಪತ್ತೊಂದು ಮಂದಿ ಕೂತರು.

ದತ್ತಾಂಶಕ್ಕೆ ನಾನು ದೂರ ಹೋಗಲಿಲ್ಲ. ಹಾಸನ ಜಿಲ್ಲೆಯ ಮಕ್ಕಳಿಗೆ ಉದ್ಯೋಗಿ, ಇಲಾಖೆ, ಸಂಬಳ ಎಂಬ ಪುಸ್ತಕದ ಟೇಬಲ್ಲು ಏಕೆ? ಬೇಲೂರು, ಹಳೇಬೀಡು ಹತ್ತಿರದಲ್ಲೇ ಇವೆ. 2023ರಲ್ಲಿ ಸೋಮನಾಥಪುರದೊಂದಿಗೆ ಯುನೆಸ್ಕೋ ಪಟ್ಟಿಗೂ ಸೇರಿವೆ. ಅರಸೀಕೆರೆಯಲ್ಲೇ ಚಂದ್ರಮೌಳೇಶ್ವರ ದೇವಾಲಯವಿದೆ, ನಕ್ಷತ್ರಾಕಾರದ ಮಂಟಪದ್ದು. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ ಪೂರ್ತಿ ಹಾಸನ ಜಿಲ್ಲೆಯ ಶಾಸನಗಳದ್ದೇ. ಅದರಲ್ಲಿ ಪ್ರತಿ ತಾಲ್ಲೂಕಿಗೂ ಶಾಸನಗಳ ಸಂಖ್ಯೆ ಒಂದರಿಂದ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ‘58ನೇ ಶಾಸನ’ ಎಂದರೆ ಸಾಲದು, ‘ಬೇಲೂರು 58’ ಎನ್ನಬೇಕು; ಪ್ರೈಮರಿ ಕೀ ಎರಡು ಕಾಲಮ್ಮಿನದು ಏಕಾಗುತ್ತದೆ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮೊದಲ ವಾರಕ್ಕೆ ಮುಂಚೆ ಮಕ್ಕಳಿಗೆ ಒಂದು ನಿಯೋಜಿತ ಕಾರ್ಯ ಕೊಟ್ಟೆ: ನಿಮ್ಮೂರಿನ ಅಥವಾ ಹತ್ತಿರದ ಒಂದು ಶಾಸನ ಇಲ್ಲವೇ ದೇವಾಲಯದ ತಾಲ್ಲೂಕು, ಊರು, ವರ್ಷ ಬರೆದು ತನ್ನಿ. ಇಪ್ಪತ್ತಮೂರು ಸಾಲು ಬಂದವು.

ಮೊದಲನೆಯ ಶನಿವಾರ

ಜಾವಾದಲ್ಲಿ ಕ್ಲಾಸಿಗೂ ಅದರ ಸದಸ್ಯಗಳಿಗೂ ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು. ಈ ಮಾತು ಕೇಳಿ ಮಕ್ಕಳು ಪಾಠದ ಉಳಿದೆಲ್ಲ ಭಾಗಕ್ಕಿಂತ ಹೆಚ್ಚು ಖುಷಿಪಟ್ಟರು. ಕ್ಲಾಸಿನ ಹೆಸರು ಶಾಸನ. ಸದಸ್ಯಗಳು ತಾಲ್ಲೂಕು, ಊರು, ವರ್ಷ. ವರ್ಷ ಪೂರ್ಣಾಂಕ, ಉಳಿದೆರಡು ಸ್ಟ್ರಿಂಗ್. ಜಾವಾದ ಸ್ವಂತ ಪದಗಳನ್ನು ಹಲಗೆಯ ಮೇಲೆ ಇಂಗ್ಲಿಷಿನಲ್ಲೇ ಬರೆದೆ, ಇಲ್ಲಿ ಕನ್ನಡ ಲಿಪಿಯಲ್ಲಿ ಕೊಡುತ್ತಿದ್ದೇನೆ.

ಮೊದಲು ಹಳೆಯ ರೀತಿಯ ಕ್ವೆರಿ:

“ಸೆಲೆಕ್ಟ್ ಎಸ್ ಫ್ರಂ ಶಾಸನ ಎಸ್ ವೇರ್ ಎಸ್.ತಾಲೂಕು = 'ಬೇಲೂರು'”

ಕಂಪೈಲ್ ಮಾಡಿದೆವು, ತಪ್ಪಿಲ್ಲ. ಓಡಿಸಿದೆವು, ನಡುವೆ ಮುರಿದು ಬಿತ್ತು. ‘ಏನು ತಪ್ಪು?’ ಎಂದು ಕೇಳಿದೆ. ಎರಡು ನಿಮಿಷ ಯಾರಿಗೂ ಕಾಣಲಿಲ್ಲ. ಆಮೇಲೆ ಮುಂದಿನ ಬೆಂಚಿನ ಹುಡುಗ ಕೂಗಿದ: ‘ಮೇಡಂ, ಒತ್ತಕ್ಷರ!’ ಕ್ಲಾಸಿನಲ್ಲಿ ತಾಲ್ಲೂಕು, ಕ್ವೆರಿಯಲ್ಲಿ ತಾಲೂಕು. ಬಸ್ಸಿನ ಬೋರ್ಡಿನಲ್ಲೂ ಕಚೇರಿಯ ಬೋರ್ಡಿನಲ್ಲೂ ಎರಡೂ ರೂಪ ನೋಡುವ ನಮಗೆ ಇದು ತಪ್ಪೆಂದು ಕಣ್ಣಿಗೆ ಹೊಡೆಯುವುದೇ ಇಲ್ಲ. ಕಂಪೈಲರಿಗೂ ಹೊಡೆಯಲಿಲ್ಲ, ಏಕೆಂದರೆ ಅದರ ಪಾಲಿಗೆ ಉದ್ಧರಣ ಚಿಹ್ನೆಯ ಒಳಗಿರುವುದೆಲ್ಲ ಬರೀ ಅಕ್ಷರಗಳ ಸಾಲು. ಒಳಗೆ ಕ್ವೆರಿ ಇದ್ದರೂ ಒಂದೇ, ಮದುವೆ ಆಮಂತ್ರಣ ಇದ್ದರೂ ಒಂದೇ.

ಇಲ್ಲಿ ನನ್ನ ಹಳೆಯ ಕೆಲಸದ ಒಂದು ಪ್ರಸಂಗ ಹೇಳಿದೆ. ಯಾರೋ ಒಂದು ಕಾಲಮ್ಮಿನ ಹೆಸರು ಬದಲಿಸಿದರು. ಆ ಹಳೆಯ ಹೆಸರು ಒಂದು ಕ್ವೆರಿಯ ಸ್ಟ್ರಿಂಗಿನಲ್ಲಿ ಉಳಿದಿತ್ತು. ಆ ಕ್ವೆರಿ ಓಡುವುದು ತಿಂಗಳಿಗೆ ಒಂದೇ ಸಲ. ತಿಂಗಳ ಕೊನೆಯ ರಾತ್ರಿ ಹನ್ನೊಂದಕ್ಕೆ ವರದಿ ಬೀಳುವ ತನಕ ತಪ್ಪು ಅಲ್ಲೇ ಮಲಗಿತ್ತು. ಮಕ್ಕಳಿಗೆ ಇದು ನಾಟಿತು.

ಆಮೇಲೆ ಟೈಪ್-ಸೇಫ್ ಕ್ವೆರಿಗೆ ಬಂದೆ. ಜಾವಾ ಪರ್ಸಿಸ್ಟೆನ್ಸ್ ಎಪಿಐನ ಎರಡನೇ ಆವೃತ್ತಿ 2009ರಲ್ಲಿ ಬಂದಾಗ ಅದರ ಜೊತೆ ಕ್ರೈಟೀರಿಯಾ ಎಂಬ ಭಾಗ ಸೇರಿತು. ಇದರಲ್ಲಿ ಕ್ವೆರಿಯನ್ನು ವಾಕ್ಯವಾಗಿ ಬರೆಯುವುದಿಲ್ಲ, ಆಬ್ಜೆಕ್ಟು ಮತ್ತು ಮೆಥಡ್ಡುಗಳಿಂದ ಜೋಡಿಸುತ್ತೇವೆ. ಕಾಲಮ್ಮಿನ ಹೆಸರನ್ನೂ ಸ್ಟ್ರಿಂಗಾಗಿ ಬರೆಯಬೇಕಿಲ್ಲ. ನಾವು ಶಾಸನ ಎಂಬ ಕ್ಲಾಸು ಬರೆದರೆ, ಕಂಪೈಲ್ ಆಗುವಾಗ ಒಂದು ಸಾಧನ ಅದನ್ನು ಓದಿ ‘ಶಾಸನ_’ ಎಂಬ ಜೊತೆ ಕ್ಲಾಸನ್ನು ತಾನೇ ಬರೆಯುತ್ತದೆ. ಬಾಲದಲ್ಲಿ ಒಂದು ಅಡಿಗೆರೆ ಅಷ್ಟೆ. ಶಾಸನದಲ್ಲಿ ಏನೇನು ಸದಸ್ಯಗಳಿವೆ, ಯಾವುದರ ಟೈಪು ಏನು ಎಂಬ ಪಟ್ಟಿ ಅದರಲ್ಲಿರುತ್ತದೆ. ಇದನ್ನೇ ಮೆಟಾಮಾಡೆಲ್ ಎನ್ನುತ್ತಾರೆ. ಈಗ ಕ್ವೆರಿಯ ಷರತ್ತು ಹೀಗಾಗುತ್ತದೆ:

ಸಿಬಿ.ಲೆಸ್‌ದ್ಯಾನ್(ಮೂಲ.ಗೆಟ್(ಶಾಸನ_.ವರ್ಷ), 1100)

‘ಮೂಲ’ ಎಂದರೆ ಶಾಸನ ಟೇಬಲ್ಲಿನ ಒಂದು ಸಾಲು ಎಂದುಕೊಳ್ಳಿ. ಅದರ ವರ್ಷ 1100ಕ್ಕಿಂತ ಕಡಿಮೆ ಇರಬೇಕು ಎಂದರ್ಥ. ಇಲ್ಲಿ ‘ಶಾಸನ_.ವರ್ಶ’ ಎಂದು ಬರೆದು ತೋರಿಸಿದೆ. ಓಡಿಸುವ ಮೊದಲೇ ಕೆಂಪು ಗೆರೆ. 1100ನ್ನು ಉದ್ಧರಣ ಚಿಹ್ನೆಯಲ್ಲಿಟ್ಟು ಸ್ಟ್ರಿಂಗ್ ಮಾಡಿದೆ, ಮತ್ತೆ ಕೆಂಪು ಗೆರೆ. ಕ್ಲಾಸಿನಲ್ಲಿ ತಾಲ್ಲೂಕನ್ನು ತಾಲೂಕು ಎಂದು ಬದಲಿಸಿದೆ. ಜೊತೆ ಕ್ಲಾಸು ಹೊಸದಾಗಿ ಹುಟ್ಟಿತು, ಹಳೆಯ ಹೆಸರು ಬಳಸಿದ ಅಷ್ಟೂ ಕ್ವೆರಿಗಳು ಕೆಂಪಾದವು. ತಿಂಗಳ ಕೊನೆಯ ರಾತ್ರಿಯವರೆಗೆ ಕಾಯಬೇಕಿಲ್ಲ.

ಆ ಹುಮ್ಮಸ್ಸಿನಲ್ಲಿ ನಾನು ಹಲಗೆಯ ಮೇಲೆ ದೊಡ್ಡದಾಗಿ ಬರೆದ ವಾಕ್ಯ ನನಗೆ ಈಗಲೂ ನೆನಪಿದೆ: ‘ಕಂಪೈಲರ್ ಒಪ್ಪಿದರೆ ಕ್ವೆರಿ ಸರಿ.’

ಮಕ್ಕಳು ತಂದ ಇಪ್ಪತ್ತಮೂರು ಸಾಲಿನ ಮೇಲೆ ಕ್ವೆರಿ ಓಡಿಸಿದೆವು, ವರ್ಷದ ಕ್ರಮದಲ್ಲಿ. ಬೇಲೂರಿನ ಚೆನ್ನಕೇಶವ, 1039. ಕೆಳಗೆ ಹಳೇಬೀಡಿನ ಹೊಯ್ಸಳೇಶ್ವರ, 1121. ಇನ್ನೂ ಕೆಳಗೆ ಅರಸೀಕೆರೆಯ ಚಂದ್ರಮೌಳೇಶ್ವರ, 1220. ಪಟ್ಟಿ ಚೆನ್ನಾಗಿ ಕಾಣುತ್ತಿತ್ತು. ಆಗ ಜಾವಗಲ್ಲಿನಿಂದ ಬರುವ ಹುಡುಗಿ ಎದ್ದು ನಿಂತಳು. ಅವಳ ಸೋದರಮಾವ ಹಳೇಬೀಡಿನಲ್ಲಿ ಗೈಡ್.

‘ಮೇಡಂ, ಬೇಲೂರೂ ಹಳೇಬೀಡೂ ಎರಡೂ ವಿಷ್ಣುವರ್ಧನನ ಕಾಲದ್ದು ಅಲ್ವಾ? ಇಲ್ಲಿ ಎಂಬತ್ತೆರಡು ವರ್ಷ ಅಂತರ ಇದೆ. ಅಷ್ಟು ವರ್ಷ ಆಳಿದ್ನಾ ಅವನು?’

ನಾನು ಹಲಗೆಯ ಕಡೆ ನೋಡಿದೆ. ದೊಡ್ಡ ವಾಕ್ಯ ಅಲ್ಲೇ ಇತ್ತು. ಬೇಲೂರಿನ ಸಾಲು ತಂದ ಹುಡುಗ ತನ್ನ ತಪ್ಪಿಲ್ಲ ಎಂದು ಪುಸ್ತಕ ತೋರಿಸಿದ, ಅದೂ ನಿಜವೇ: ಶಾಸನದಲ್ಲಿರುವುದು ಶಕವರ್ಷ 1039, ಹೇವಿಳಂಬಿ ಸಂವತ್ಸರ. ಕ್ರಿಸ್ತಶಕದಲ್ಲಿ ಅದು 1117. ಹಳೇಬೀಡಿನ ಸಾಲು ತಂದವಳು ಪ್ರವಾಸಿ ಪುಸ್ತಕದಿಂದ ಕ್ರಿಸ್ತಶಕ ಬರೆದಿದ್ದಳು. ನಿಜವಾದ ಅಂತರ ನಾಲ್ಕು ವರ್ಷ. ಇಬ್ಬರೂ ಸರಿ, ಕ್ವೆರಿಯೂ ನಾವು ಹೇಳಿದ್ದನ್ನೇ ಮಾಡಿತು. ಉತ್ತರ ಮಾತ್ರ ಸುಳ್ಳು. ಅದನ್ನು ಹಿಡಿದದ್ದು ಕಂಪೈಲರೂ ಅಲ್ಲ, ನಾನೂ ಅಲ್ಲ.

ಗಂಟೆ ಹೊಡೆಯಿತು. ‘ಮುಂದಿನ ವಾರ ನೋಡೋಣ’ ಎಂದೆ. ಬೋಧನಾಭ್ಯಾಸದಲ್ಲಿ ಈ ವಾಕ್ಯ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ಓದುಗರಿಗೆಲ್ಲ ಗೊತ್ತಿರುವ ಸಂಗತಿ.

ವೀಕ್ಷಣಾ ವರದಿಯಲ್ಲಿ ಮಾರ್ಗದರ್ಶಕಿಯವರು ಪೀಠಿಕೆ, ಧ್ವನಿ, ಹಲಗೆಯ ಕೆಲಸಕ್ಕೆ ಒಳ್ಳೆಯ ಅಂಕಗಳನ್ನೇ ಕೊಟ್ಟಿದ್ದರು. ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆ: ‘ಕಂಪೈಲರ್ ಒಪ್ಪಿತು ಎಂದರೆ ಏನನ್ನು ಒಪ್ಪಿತು? ಇದನ್ನು ಮಕ್ಕಳಿಗೆ ತೋರಿಸಲಾಗಿಲ್ಲ.’ ಅವರು ಗಣಕ ವಿಜ್ಞಾನದವರಲ್ಲ, ಗಣಿತದವರು. ಆ ಒಂದು ಪ್ರಶ್ನೆಯೇ ಎರಡನೇ ಪಾಠವಾಯಿತು.

ನಡುವಿನ ವಾರ

ತಪ್ಪು ಎಲ್ಲಿದೆ ಎಂದು ಯೋಚಿಸುತ್ತ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಕಂಪೈಲರ್ ಮೌಲ್ಯವನ್ನು ನೋಡುವುದಿಲ್ಲ, ಟೈಪನ್ನು ನೋಡುತ್ತದೆ. 1039 ಮತ್ತು 1121 ಎರಡಕ್ಕೂ ನಾನೇ ‘ಪೂರ್ಣಾಂಕ’ ಎಂಬ ಒಂದೇ ಅಂಗಿ ತೊಡಿಸಿದ್ದೆ. ಟೈಪ್-ಸೇಫ್ ಎಂದರೆ ನಾವು ಹೇಳಿದಷ್ಟು ಭೇದವನ್ನು ಮಾತ್ರ ಅದು ಕಾಯುತ್ತದೆ. ನಾವು ಹೇಳದ ಭೇದವನ್ನು ಕಾಯಲಾರದು. ನಮ್ಮ ಭಾಷೆಯೂ ಇಲ್ಲಿ ನೆರವಿಗೆ ಬರಲಿಲ್ಲ. ಶಾಲಿವಾಹನ ಶಕ, ಕ್ರಿಸ್ತಶಕ. ಎರಡರ ಬಾಲವೂ ‘ಶಕ’ವೇ. ಕಾಲಮ್ಮಿಗೆ ಬರೀ ‘ಶಕ’ ಎಂದು ಹೆಸರಿಟ್ಟಿದ್ದರೂ ಇದೇ ಆಗುತ್ತಿತ್ತು.

ಒಂದರಿಂದ ಇನ್ನೊಂದಕ್ಕೆ ಹೋಗುವುದು ಬರೀ ಕೂಡುವ ಲೆಕ್ಕವೂ ಅಲ್ಲ. ಶಕವರ್ಷ ಚೈತ್ರದಲ್ಲಿ ಶುರು. ಆದ್ದರಿಂದ ವರ್ಷದ ಹೆಚ್ಚಿನ ಭಾಗಕ್ಕೆ 78 ಕೂಡಬೇಕು, ಜನವರಿಯಿಂದ ಯುಗಾದಿಯವರೆಗಿನ ತಿಥಿಗಳಿಗೆ 79. ಬೇಲೂರಿನ ಪ್ರತಿಷ್ಠೆ ಚೈತ್ರದ್ದಾದ್ದರಿಂದ 1039ಕ್ಕೆ 78 ಸೇರಿಸಿದರೆ 1117 ಸರಿಯಾಗಿ ಬರುತ್ತದೆ. ಸಂವತ್ಸರದ ಹೆಸರು ಇದಕ್ಕೊಂದು ತಾಳೆ: ಅರವತ್ತು ವರ್ಷಕ್ಕೊಮ್ಮೆ ಹೆಸರು ಮರಳುತ್ತದೆ, 2017ರ ಯುಗಾದಿಗೆ ಬಂದದ್ದೂ ಹೇವಿಳಂಬಿಯೇ, 1117ರಿಂದ 2017ಕ್ಕೆ 900 ವರ್ಷ, ಅಂದರೆ ಹದಿನೈದು ಆವರ್ತ. (ಇದನ್ನು ತರಗತಿಯಲ್ಲಿ ಹೇಳಿದಾಗ ಗಣಿತದ ಮಾರ್ಗದರ್ಶಕಿಯವರು ಹಿಂದಿನ ಬೆಂಚಿನಲ್ಲಿ ಬೆರಳು ಮಡಿಸಿ ಲೆಕ್ಕ ಹಾಕಿದ್ದನ್ನು ನಾನು ನೋಡಿದೆ.)

ಎರಡನೆಯ ಶನಿವಾರ

ಲ್ಯಾಪ್‌ಟಾಪ್ ತೆರೆಯದೆ ಪಾಠ ಶುರು ಮಾಡಿದೆ. ಇಪ್ಪತ್ತಮೂರು ಬಿಳಿ ರಟ್ಟಿನ ಚೀಟಿ, ಪ್ರತಿಯೊಂದರ ಮೇಲೂ ಅವರೇ ತಂದ ವರ್ಷ. ಒಬ್ಬ ಹುಡುಗನನ್ನು ಕರೆದು ‘ನೀನು ಕಂಪೈಲರ್. ಚೀಟಿಯ ಮೇಲಿನ ಸಂಖ್ಯೆ ನೋಡುವ ಹಾಗಿಲ್ಲ, ಬಣ್ಣ ಮಾತ್ರ ನೋಡಬೇಕು. ಹೋಲಿಸಲು ಬಂದ ಎರಡು ಚೀಟಿ ಒಂದೇ ಬಣ್ಣವಾದರೆ ಬಿಡು, ಇಲ್ಲದಿದ್ದರೆ ತಡೆ’ ಎಂದೆ. ಸಂಖ್ಯೆ ಇರುವ ಬದಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮಕ್ಕಳು ಜೋಡಿ ಜೋಡಿಯಾಗಿ ಬಂದರು. ಬೇಲೂರು-ಹಳೇಬೀಡು ಜೋಡಿಯೂ ಬಂತು. ಬಿಳಿ, ಬಿಳಿ, ಬಿಟ್ಟುಬಿಟ್ಟ.

‘ಅವನದು ತಪ್ಪಾ?’ ಎಂದು ತರಗತಿಯನ್ನು ಕೇಳಿದೆ. ಅಲ್ಲ ಎಂದರು. ಹಾಗಾದರೆ ಯಾರದು? ಸ್ವಲ್ಪ ಹೊತ್ತಿನ ಮೇಲೆ ಜಾವಗಲ್ಲಿನ ಹುಡುಗಿಯೇ ಹೇಳಿದಳು: ‘ಚೀಟಿ ಕೊಟ್ಟೋರದು.’ ಚೀಟಿ ಕೊಟ್ಟವಳು ನಾನೇ ಆದ್ದರಿಂದ ತರಗತಿ ಒಂದು ಕ್ಷಣ ಸುಮ್ಮನಾಗಿ, ನಾನು ನಕ್ಕ ಮೇಲೆ ನಕ್ಕಿತು.

ಕಲ್ಲಿನಲ್ಲಿರುವ ಶಕವರ್ಷಕ್ಕೆ ಹಳದಿ ಚೀಟಿ, ಪುಸ್ತಕದ ಕ್ರಿಸ್ತಶಕಕ್ಕೆ ಬಿಳಿ ಚೀಟಿ ಎಂದು ಮಾಡಿ ಮತ್ತೆ ಆಡಿಸಿದೆ. ಈ ಸಲ ಬೇಲೂರು-ಹಳೇಬೀಡು ಜೋಡಿಯನ್ನು ಕಂಪೈಲರ್ ಹುಡುಗ ಕೈ ಅಡ್ಡ ಹಿಡಿದು ತಡೆದ. ಅವನಿಗೆ ಈಗಲೂ ಸಂಖ್ಯೆ ಗೊತ್ತಿಲ್ಲ, ಇತಿಹಾಸವೂ ಗೊತ್ತಿಲ್ಲ. ಹಿಂದಿನಿಂದ ಒಬ್ಬ ಹೇಳಿದ: ‘ಮೇಡಂ, ನಮ್ಮ ಮಂಡೀಲಿ ತೆಂಗಿನಕಾಯಿ ಎಣಿಕೆ ಲೆಕ್ಕ, ಕೊಬ್ಬರಿ ಕ್ವಿಂಟಲ್ ಲೆಕ್ಕ. ಎರಡನ್ನೂ ಒಂದೇ ಕಾಲಂಗೆ ಬರೆದ್ರೆ ನಮ್ಮಪ್ಪ ಬಿಡ್ತಾರಾ?’ ನಾನು ಒಂದು ವಾರ ಹುಡುಕಿದ್ದ ಉದಾಹರಣೆ ಅವನ ಮನೆಯಲ್ಲೇ ಇತ್ತು.

ಆಮೇಲೆ ಲ್ಯಾಪ್‌ಟಾಪ್. ಶಾಲಿವಾಹನಶಕ, ಕ್ರಿಸ್ತಶಕ ಎಂಬ ಎರಡು ಪುಟ್ಟ ಕ್ಲಾಸು ಬರೆದೆವು. ಎರಡರ ಒಳಗೂ ಇರುವುದು ಒಂದೊಂದು ಪೂರ್ಣಾಂಕ. ತನ್ನ ಜಾತಿಯ ಇನ್ನೊಂದರ ಜೊತೆ ಮಾತ್ರ ಹೋಲಿಸಿಕೊಳ್ಳುವ ಗುಣ ಎರಡಕ್ಕೂ ಇದೆ. ಶಾಸನ ಕ್ಲಾಸಿನ ‘ವರ್ಷ’ವನ್ನು ಅಳಿಸಿ ಈ ಎರಡು ಟೈಪಿನ ಎರಡು ಸದಸ್ಯ ಇಟ್ಟೆವು: ಕಲ್ಲಿನವರ್ಷ, ಪುಸ್ತಕವರ್ಷ. ಡೇಟಾಬೇಸಿನ ಟೇಬಲ್ಲಿನಲ್ಲಿ ಇವು ಈಗಲೂ ಮಾಮೂಲು ಸಂಖ್ಯೆಯ ಕಾಲಂಗಳೇ. ಒಳಗೆ ಬರುವಾಗ ಸಂಖ್ಯೆಗೆ ಅಂಗಿ ತೊಡಿಸಿ, ಹೊರಗೆ ಹೋಗುವಾಗ ಬಿಚ್ಚುವ ಕೆಲಸ ಆಟ್ರಿಬ್ಯೂಟ್ ಕನ್ವರ್ಟರ್ ಎಂಬುದರದು, 2013ರ 2.1 ಆವೃತ್ತಿಯಿಂದ ಇದೆ. ಒಂದೊಂದು ಕನ್ವರ್ಟರೂ ಎರಡು ಸಣ್ಣ ಮೆಥಡ್ಡು ಅಷ್ಟೆ. ಈಗ ಹೀಗೆ ಬರೆದರೆ ಕೆಂಪು ಗೆರೆ:

ಸಿಬಿ.ಲೆಸ್‌ದ್ಯಾನ್(ಮೂಲ.ಗೆಟ್(ಶಾಸನ_.ಕಲ್ಲಿನವರ್ಷ), ನ್ಯೂ ಕ್ರಿಸ್ತಶಕ(1121))

ತಾಲ್ಲೂಕಿಗೂ ಇದೇ ಚಿಕಿತ್ಸೆ ಮಾಡಿದೆವು. ಹಿಂದಿನ ವಾರ ಒಬ್ಬಳು ‘ತಾಲ್ಲೂಕು ಹಳೇಬೀಡು’ ಎಂದು ಕ್ವೆರಿ ಬರೆದು ಸೊನ್ನೆ ಸಾಲು ಪಡೆದಿದ್ದಳು. ಹಳೇಬೀಡು ಬೇಲೂರು ತಾಲ್ಲೂಕಿನಲ್ಲಿದೆ. ಸ್ಟ್ರಿಂಗಿಗೆ ಅದು ಹೇಗೆ ಗೊತ್ತಾಗಬೇಕು? ತಾಲ್ಲೂಕನ್ನು ಎನಮ್ ಮಾಡಿ, ಜಿಲ್ಲೆಯ ಎಂಟು ಹೆಸರನ್ನೂ ಪಟ್ಟಿ ಮಾಡಿದ ಮೇಲೆ ‘ತಾಲ್ಲೂಕು.ಹಳೇಬೀಡು’ ಎಂದರೆ ಅಂಥದ್ದಿಲ್ಲ ಎಂದು ಕಂಪೈಲರ್ ಹೇಳುತ್ತದೆ. ಸೊನ್ನೆ ಸಾಲಿನ ಉತ್ತರಕ್ಕಿಂತ ಇದು ಒಳ್ಳೆಯ ಉತ್ತರ: ‘ಹಳೇಬೀಡಿನಲ್ಲಿ ಶಾಸನವೇ ಇಲ್ಲ’ ಎಂದು ನಂಬಿ ಯಾರೂ ಮನೆಗೆ ಹೋಗುವುದಿಲ್ಲ.

ಇಷ್ಟಾದ ಮೇಲೆ ‘ಇನ್ನು ಎರಡು ಶಕ ಬೆರೆಯಲು ಸಾಧ್ಯವೇ ಇಲ್ಲ’ ಎಂದು ಹೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ, ‘ಬೆರೆಸಲು ಆಗುತ್ತದೆಯೇ, ಪ್ರಯತ್ನಿಸಿ’ ಎಂದೆ. ಒಬ್ಬೊಬ್ಬರಾಗಿ ಲ್ಯಾಪ್‌ಟಾಪಿನ ಮುಂದೆ ಬಂದರು. ಕಂಪೈಲರ್ ಆಗಿದ್ದ ಹುಡುಗನೇ ಗೆದ್ದ. ಲೆಸ್‌ದ್ಯಾನ್ ಇದ್ದ ಕಡೆ ಈಕ್ವಲ್ ಎಂದು ಬರೆದ, ಕೆಂಪು ಗೆರೆ ಮಾಯವಾಯಿತು. ಕಲ್ಲಿನವರ್ಷಕ್ಕೆ ಕ್ರಿಸ್ತಶಕವನ್ನು ಸಮ ಎಂದು ಹೋಲಿಸಿದರೂ ಕಂಪೈಲರ್ ತುಟಿ ಬಿಚ್ಚಲಿಲ್ಲ. ತಪ್ಪು ಹೊರಬಿದ್ದದ್ದು ಓಡಿಸಿದಾಗ.

ಇದು ಚೌಕಟ್ಟಿನಲ್ಲಿರುವ ನಿಜವಾದ ಕಿಂಡಿ. ಟೈಪ್-ಸೇಫ್ ಎಂಬ ಹೆಸರನ್ನು ನಂಬಿದ ಬಹಳ ಜನ ಇದನ್ನು ಗಮನಿಸುವುದಿಲ್ಲ. ಲೆಸ್‌ದ್ಯಾನ್ ಮೆಥಡ್ಡಿನ ಘೋಷಣೆಯಲ್ಲಿ ಎರಡೂ ಬದಿಗೆ ಒಂದೇ ಟೈಪಿರಬೇಕೆಂಬ ಕಟ್ಟು ಇದೆ. ಈಕ್ವಲ್‌ನಲ್ಲಿ ಎರಡನೇ ಬದಿಯ ಟೈಪು ‘ಆಬ್ಜೆಕ್ಟ್’. ಜಾವಾದಲ್ಲಿ ಎಲ್ಲ ಕ್ಲಾಸುಗಳೂ ಆಬ್ಜೆಕ್ಟಿನ ಮಕ್ಕಳು. ಇನ್‌ಹೆರಿಟೆನ್ಸ್ ಓದಿದ ಮಕ್ಕಳಿಗೆ ಇದು ತಕ್ಷಣ ಹೊಳೆಯಿತು. ಎಂಥ ಬಣ್ಣದ ಚೀಟಿ ಬಂದರೂ ಬಿಡು ಎಂದು ಆ ಬಾಗಿಲಿಗೆ ಹೇಳಿಟ್ಟಿದೆ. ಪರಿಹಾರವೂ ಚಿಕ್ಕದು. ‘ಸಮ’ ಎಂಬ ನಮ್ಮದೇ ಮೆಥಡ್ಡು ಬರೆದೆವು. ಮೊದಲ ಬದಿಯ ಅಭಿವ್ಯಕ್ತಿಯ ಟೈಪು ಯಾವುದೋ ಎರಡನೇ ಬದಿಯ ಮೌಲ್ಯದ ಟೈಪೂ ಅದೇ ಆಗಿರಬೇಕು ಎಂದು ಜೆನೆರಿಕ್ಸ್ ಬಳಸಿ ಘೋಷಿಸಿ, ಒಳಗೆ ಈಕ್ವಲ್ ಅನ್ನೇ ಕರೆದೆವು. ಎರಡು ಸಾಲಿನ ಕೆಲಸ. ಇನ್ನು ಮೇಲೆ ತಂಡದಲ್ಲಿ ಎಲ್ಲರೂ ‘ಸಮ’ವನ್ನೇ ಬಳಸಬೇಕು ಎಂಬ ಒಪ್ಪಂದ ಮಾತ್ರ ಕಂಪೈಲರಿನ ಕೈಯಲ್ಲಿಲ್ಲ.

ಇನ್ನೊಂದು ಕಿಂಡಿಯನ್ನು ಬಾಯಿಮಾತಿನಲ್ಲೇ ಮುಗಿಸಿದೆ. ‘ಶಾಸನ_’ ಹುಟ್ಟುವುದು ಶಾಸನ ಕ್ಲಾಸಿನಿಂದ, ಟೇಬಲ್ಲಿನಿಂದ ಅಲ್ಲ. ಯಾರಾದರೂ ಡೇಟಾಬೇಸಿಗೇ ಹೋಗಿ ಕಾಲಮ್ಮಿನ ಹೆಸರು ಬದಲಿಸಿದರೆ ಕಂಪೈಲರಿಗೆ ಸುದ್ದಿ ಮುಟ್ಟುವುದಿಲ್ಲ. ಹೈಬರ್ನೇಟಿಗೆ ಶುರುವಾಗುವಾಗಲೇ ಟೇಬಲ್ಲುಗಳನ್ನು ತಾಳೆ ನೋಡು ಎಂದು ಹೇಳಿಡಬಹುದು. ಜೂಕ್ ಎಂಬ ಇನ್ನೊಂದು ಸಾಧನ ಉಲ್ಟಾ ದಾರಿ ಹಿಡಿಯುತ್ತದೆ, ಟೇಬಲ್ಲುಗಳನ್ನು ಓದಿ ಕ್ಲಾಸುಗಳನ್ನು ಬರೆಯುತ್ತದೆ. ಸಿ ಶಾರ್ಪ್ ಭಾಷೆಯವರಿಗೆ 2007ರಿಂದ ಲಿಂಕ್ ಇದೆ. ಅಲ್ಲಿ ಕ್ವೆರಿ ಭಾಷೆಯದೇ ಭಾಗ. ಇವನ್ನೆಲ್ಲ ವಿವರಿಸಲು ಹೊರಟಿದ್ದರೆ ಮೊದಲ ವಾರದ ತಪ್ಪನ್ನೇ ಮತ್ತೆ ಮಾಡುತ್ತಿದ್ದೆ.

ಮೌಲ್ಯಮಾಪನ

ಕೊನೆಯ ಹದಿನೈದು ನಿಮಿಷಕ್ಕೆ ಒಂದೇ ಕೆಲಸ ಕೊಟ್ಟೆ. ಪುಸ್ತಕವರ್ಷ 1200ಕ್ಕಿಂತ ಹಿಂದಿನ ಶಾಸನಗಳೆಷ್ಟು, 1200 ಮತ್ತು ಅದರ ಈಚಿನವು ಎಷ್ಟು? ಎರಡು ಕ್ವೆರಿ ಕಾಗದದ ಮೇಲೆ ಬರೆಯಿರಿ. ಇಪ್ಪತ್ತೊಂದರಲ್ಲಿ ಹದಿನೆಂಟು ಮಂದಿ ಎರಡನ್ನೂ ಸರಿಯಾಗಿ ಬರೆದರು. ಇಬ್ಬರು 1200ಕ್ಕೆ ಅಂಗಿ ತೊಡಿಸುವುದನ್ನು ಮರೆತಿದ್ದರು, ಒಬ್ಬ ಕಲ್ಲಿನವರ್ಷ ಹಾಕಿದ್ದ. ಈ ಮೂರೂ ಕೆಂಪು ಗೆರೆಗೆ ಸಿಕ್ಕುವ ತಪ್ಪುಗಳೇ. ಸರಿಯಾದ ಒಂದು ಕಾಗದವನ್ನು ಎತ್ತಿಕೊಂಡು ಓಡಿಸಿದೆ. ಹಿಂದಿನವು 14, ಈಚಿನವು 8.

‘ಇಪ್ಪತ್ತೆರಡು’ ಎಂದಿತು ಹಿಂದಿನ ಬೆಂಚು. ಈ ಸಲ ಅದು ಮಾರ್ಗದರ್ಶಕಿಯವರ ಧ್ವನಿ. ‘ಇಪ್ಪತ್ತಮೂರು ಸಾಲು ಅಲ್ಲವೇ ಇದ್ದದ್ದು?’

ಇದು ಮಾತ್ರ ನನಗೆ ಮೊದಲೇ ಗೊತ್ತಿತ್ತು, ಬೇಕೆಂದೇ ಉಳಿಸಿಕೊಂಡಿದ್ದೆ. ಟೈಪುಗಳೆಲ್ಲ ಸರಿ, ಕ್ವೆರಿಗಳೂ ಸರಿ, ಕಂಪೈಲರ್ ಒಪ್ಪಿದೆ. ಒಂದು ಸಾಲು ಎಲ್ಲಿ ಹೋಯಿತು? ಮಕ್ಕಳು ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಎರಡು ಪಟ್ಟಿಯಲ್ಲಿ ಇದ್ದವನ್ನು ಒಂದೊಂದಾಗಿ ತೆಗೆದಿಟ್ಟರು. ಕೊನೆಗೆ ಉಳಿದ ಚೀಟಿಯ ಮೇಲೆ ಸಂಖ್ಯೆಯೇ ಇರಲಿಲ್ಲ. ಊರು: ಹಲ್ಮಿಡಿ. ತಾಲ್ಲೂಕು: ಬೇಲೂರು.

ಹಲ್ಮಿಡಿ ಶಾಸನದಲ್ಲಿ ವರ್ಷ ಹೇಳಿಲ್ಲ. ಲಿಪಿ, ಭಾಷೆ ನೋಡಿ ವಿದ್ವಾಂಸರು ಸುಮಾರು ಕ್ರಿ.ಶ. 450 ಎನ್ನುತ್ತಾರೆ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದರಿಂದ ರೈಸ್ ಅವರ ಸಂಪುಟದಲ್ಲೂ ಇಲ್ಲ. ಸಾಲು ತಂದ ಹುಡುಗಿ ಪ್ರಾಮಾಣಿಕವಾಗಿ ವರ್ಷದ ಜಾಗವನ್ನು ಖಾಲಿ ಬಿಟ್ಟಿದ್ದಳು; ಡೇಟಾಬೇಸಿನಲ್ಲಿ ಅದು ನಲ್ ಆಯಿತು. ನಲ್ 1200ಕ್ಕಿಂತ ಕಡಿಮೆಯೇ? ಗೊತ್ತಿಲ್ಲ. ಹೆಚ್ಚೇ? ಗೊತ್ತಿಲ್ಲ. ‘ಗೊತ್ತಿಲ್ಲ’ ಎಂಬ ಉತ್ತರ ಬಂದ ಸಾಲನ್ನು ಎಸ್.ಕ್ಯೂ.ಎಲ್. ಎರಡೂ ಪಟ್ಟಿಯಿಂದ ಬಿಡುತ್ತದೆ. ನಾವೆಲ್ಲ ಕನ್ನಡದ ಅತಿ ಹಳೆಯ ಶಾಸನ ಎಂದು ಪಠ್ಯದಲ್ಲಿ ಓದಿಕೊಂಡು ಬಂದದ್ದು ‘1200ಕ್ಕಿಂತ ಹಿಂದಿನವು’ ಎಂಬ ಪಟ್ಟಿಯಲ್ಲೇ ಇಲ್ಲ. ಜಾವಾದ ಟೈಪಿಗೂ ಇದು ಕಾಣುವುದಿಲ್ಲ, ಏಕೆಂದರೆ ಯಾವ ಬಣ್ಣದ ಚೀಟಿಯ ಜಾಗದಲ್ಲೂ ನಲ್ ಕೂರಬಹುದು.

‘450 ಅಂತ ಬರೆದುಬಿಡೋಣ ಮೇಡಂ’ ಎಂದ ಒಬ್ಬ. ‘ಸುಮಾರು ಅನ್ನೋದನ್ನ ಎಲ್ಲಿ ಬರೀತೀಯ?’ ಎಂದಳು ಸಾಲು ತಂದವಳು. ಬಹಳ ಹೊತ್ತು ವಾದ ನಡೆಯಿತು. ಕಲ್ಲಿನವರ್ಷದ ಕಾಲಮ್ಮಿನಲ್ಲೂ ನಲ್‌ಗಳಿದ್ದವು: ಹಳೇಬೀಡಿನ ಸಾಲಿನದು ‘ನಾವಿನ್ನೂ ಶಾಸನಪಾಠ ನೋಡಿಲ್ಲ’ ಎಂಬ ನಲ್, ಹಲ್ಮಿಡಿಯದು ‘ಕಲ್ಲಿನಲ್ಲೇ ಇಲ್ಲ’ ಎಂಬ ನಲ್. ಎರಡಕ್ಕೂ ಒಂದೇ ಗುರುತು. ಇವನ್ನು ಬೇರೆ ಮಾಡಲು ಮೂರನೇ ಟೈಪು ಬೇಕೇ, ಷರಾ ಎಂಬ ಕಾಲಂ ಸಾಕೇ ಎಂಬುದು ಗಂಟೆ ಹೊಡೆದರೂ ತೀರ್ಮಾನವಾಗಲಿಲ್ಲ. ಹುಡುಗಿ ಮಾತ್ರ ವಾದ ಬಿಟ್ಟು ಲ್ಯಾಪ್‌ಟಾಪಿನ ಮುಂದೆ ಕೂತು ಮೂರನೆಯ ಕ್ವೆರಿ ಬರೆದಳು:

ಸಿಬಿ.ಈಸ್‌ನಲ್(ಮೂಲ.ಗೆಟ್(ಶಾಸನ_.ಪುಸ್ತಕವರ್ಷ))

ಪರದೆಯ ಮೇಲೆ ಒಂದೇ ಸಾಲು ಬಂತು. ‘ಇಪ್ಪತ್ತಮೂರು’ ಎಂದು ಹೇಳಿ ಬ್ಯಾಗು ಎತ್ತಿಕೊಂಡಳು. ಜಾವಗಲ್ ಬಸ್ಸಿಗೆ ಹತ್ತು ನಿಮಿಷವಿತ್ತು, ಇಬ್ಬರೂ ಒಟ್ಟಿಗೆ ಓಡಿದರು.